ಮೊರೆಹೋಗುವ ಧರ್ಮ: ಒಂದು ಆಂಗ್ಲ ಶಬ್ದದ ನಿಮಿತ್ತವಾಗಿ

ಶಬ್ದಗಳಿಗೂ ಮನುಷ್ಯರಂತೆ ಜನ್ಮವುಂಟು, ಪ್ರವಾಸವುಂಟು, ಕೆಲವು ಸಲ ಸ್ಥಿತ್ಯಂತರವೂ ಉಂಟು. ಬಡತನದಲ್ಲಿ ಹುಟ್ಟಿ ಐಶ್ವರ್ಯಕ್ಕೇರಿದ ಮನುಷ್ಯನು ತನ್ನ ಹಿಂದಿನ ಬಂಧುಗಳ ಗುರುತು ಹಿಡಿಯದಂತೆ, ಕೆಲವು ಶಬ್ದಗಳು ಅಭ್ಯುದಯವನ್ನು ಹೊಂದಿದ ಮೇಲೆ ತಮ್ಮ ಮೊದಲಿನ ಅರ್ಥವನ್ನು ಮರೆತುಬಿಡುವವು. ಆಂಗ್ಲಭಾಷೆಯ ‘ರೆಸಾರ್ಟ್’ ಎಂಬ ಶಬ್ದವು ಅಂಥವುಗಳಲ್ಲಿ ಒಂದಾಗಿದೆ.

ಈ ಶಬ್ದವು ಇಂದು ಕನ್ನಡಿಗರಿಗೆ ಪರಕೀಯವಾಗಿ ಉಳಿದಿಲ್ಲ. ಹೆದ್ದಾರಿಗಳ ಮಗ್ಗುಲಿಗೆ ಹಚ್ಚಿದ ಫಲಕಗಳಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದಿರುವರು. ಹುಲ್ಲುಹಾಸು, ಈಜುಗೊಳ, ಬಗೆಬಗೆಯ ಭೋಜನ, ದುಡ್ಡುಳ್ಳವರು ಎರಡು ದಿನ ಮೈಮರೆತು ಇರತಕ್ಕ ಸ್ಥಳ, ಇದೇ ಅದರ ರೂಢಾರ್ಥವು. ರಾಜಕಾರಣವೂ ಈ ಶಬ್ದಕ್ಕೆ ಒಂದು ವಿಶೇಷಾರ್ಥವನ್ನು ಕೊಟ್ಟಿದೆ. 2018 ಮತ್ತು 2019ರಲ್ಲಿ ಸರಕಾರವು ನಿಲ್ಲುವದೋ ಬೀಳುವದೋ ಎಂಬ ಸಂದೇಹವುಂಟಾದಾಗ, ಜನರು ಆರಿಸಿ ಕಳಿಸಿದ ಶಾಸಕರನ್ನು ರೆಸಾರ್ಟುಗಳಿಗೆ ಒಯ್ದಿರಿಸಿದ ಸಂಗತಿಯು ಸರ್ವರಿಗೂ ವಿದಿತವೇ ಆಗಿದೆ. ಆದರೆ ಈ ಶಬ್ದದ ಮೂಲಾರ್ಥವು ವಿಲಾಸವಲ್ಲ. ಅದು ಸಹಾಯ, ಆಸರೆ. ಕಷ್ಟ ಬಂದಾಗ ಮನುಷ್ಯನು ಯಾರ ಕಡೆಗೆ ಓಡುವನೋ ಆ ದಿಕ್ಕು.

ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಶಬ್ದವು ಫ್ರೆಂಚ್ ಭಾಷೆಯಿಂದ ಆಂಗ್ಲಭಾಷೆಯನ್ನು ಹೊಕ್ಕಿತು. ಹಳೆಯ ಫ್ರೆಂಚಿನಲ್ಲಿ ‘ಸೊರ್ತೀರ್’ ಎಂದರೆ ಹೊರಬೀಳು. ‘ರ’ಕಾರದ ಉಪಸರ್ಗವು ಸೇರಿದರೆ ಮರಳಿ ಹೊರಬೀಳು, ತಿರುಗಿ ಹೋಗು ಎಂದಾಗುವದು. ಅದರಿಂದ ಹುಟ್ಟಿದ ನಾಮಪದಕ್ಕೆ ಸಹಾಯ, ಪರಿಹಾರ, ಉಪಾಯ ಎಂಬ ಅರ್ಥಗಳಿದ್ದವು. ಆ ಬಳಿಕ ಅನೇಕರು ಪದೇಪದೇ ಹೋಗಿ ಕೂಡುವ ಸ್ಥಳವೆಂಬ ಅರ್ಥವು ಬಂದಿತು. ವಾಯುಸೇವನೆಗೂ ವಿನೋದಕ್ಕೂ ಹೋಗುವ ಊರೆಂಬ ಅರ್ಥವು ಕಾಣಿಸಿಕೊಂಡದ್ದು ಹದಿನೆಂಟನೆಯ ಶತಮಾನದ ನಡುವಿನಲ್ಲಿ.

ಈ ಕೊನೆಯ ಮಾರ್ಪಾಟಿಗೆ ಕಾರಣವನ್ನು ಊಹಿಸುವದು ಕಠಿಣವಲ್ಲ. ಆ ಕಾಲಕ್ಕೆ ಇಂಗ್ಲಂಡದ ವೈದ್ಯರು ರೋಗಿಗಳಿಗೆ ಬಿಸಿನೀರಿನ ಬುಗ್ಗೆಗಳ ಸ್ನಾನವನ್ನೂ ಸಮುದ್ರಸ್ನಾನವನ್ನೂ ವಿಧಿಸುತ್ತಿದ್ದರು. ಬಾಥ್, ಬ್ರೈಟನ್ ಮೊದಲಾದ ಊರುಗಳಿಗೆ ರೋಗಿಗಳು ಆರೋಗ್ಯದ ಆಸೆಯಿಂದ ಹೋದರು. ಅವರ ಹಿಂದೆ ಬಂಧುಗಳು ಹೋದರು. ಬಂಧುಗಳ ಹಿಂದೆ ನಿರೋಗಿಗಳಾದ ಶ್ರೀಮಂತರು ಬರಿಯ ವಿನೋದಕ್ಕಾಗಿ ಹೋದರು. ಕಡೆಗೆ ರೋಗಿಯು ಮರೆಯಾಗಿ ವಿನೋದವಷ್ಟೇ ಉಳಿಯಿತು. ಆ ಜನರು ಭರತಖಂಡಕ್ಕೆ ಬಂದಾಗ ಈ ಅಭ್ಯಾಸವನ್ನೂ ಜೊತೆಗೆ ತಂದರು. ವಿಜಯಪುರ ಜಿಲ್ಲೆಯು 1956ರ ವರೆಗೆ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿತ್ತು. ಬ್ರಿಟಿಷರ ಕಾಲದಲ್ಲಿ ಆ ಪ್ರಾಂತದ ಅಧಿಕಾರಿಗಳು ಬೇಸಗೆಯಲ್ಲಿ ಮಹಾಬಳೇಶ್ವರದ ಗುಡ್ಡವನ್ನೇರಿ ಕೂಡುತ್ತಿದ್ದರು. ಅದು ಅವರ ‘ರೆಸಾರ್ಟು’. ಕೃಷ್ಣಾನದಿಯು ಹುಟ್ಟುವದೂ ಅಲ್ಲಿಯೇ. ಆ ಕೃಷ್ಣೆಯ ನೀರನ್ನೇ ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಎತ್ತಿ ತಂದು ಈ ಭಾಗದ ಒಣಭೂಮಿಗೆ ಹಾಯಿಸುವ ಕಾರ್ಯವು ಇತ್ತೀಚಿನದು. ಮಹಾಬಳೇಶ್ವರವು ಕೆಲವರಿಗೆ ಎರಡನೆಯ ಅರ್ಥದ ರೆಸಾರ್ಟಾದರೆ, ಅಲ್ಲಿಂದ ಹರಿದುಬರುವ ನೀರು ಬಬಲೇಶ್ವರದವರಿಗೆ ಮೊದಲನೆಯ ಅರ್ಥದ ರೆಸಾರ್ಟು ಎಂದು ಹೇಳಿದರೆ ತಪ್ಪಾಗದು.

ಫ್ರೆಂಚ್ ಭಾಷೆಯಲ್ಲಿ ಇದೇ ಶಬ್ದಕ್ಕೆ ಇನ್ನೆರಡು ಅರ್ಥಗಳುಂಟು. ಒಂದು ನ್ಯಾಯಾಲಯದ ಅಧಿಕಾರವ್ಯಾಪ್ತಿ. ಅದರಿಂದಲೇ ‘ಕೊನೆಯ ರೆಸಾರ್ಟು’ ಎಂಬ ಮಾತು ಹುಟ್ಟಿತು. ಅದರ ಮೇಲೆ ಮತ್ತೆ ದೂರು ಒಯ್ಯಲು ಸ್ಥಳವಿಲ್ಲದಂಥ ನ್ಯಾಯಪೀಠವೆಂದು ಅದರರ್ಥ. ಇನ್ನೊಂದು ಯಂತ್ರಗಳಲ್ಲಿರುವ ಸ್ಪ್ರಿಂಗು. ಒತ್ತಿದರೆ ಕುಗ್ಗಿ, ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುವಂಥದು. ಈ ಎರಡು ಅರ್ಥಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವುಗಳ ಪ್ರಯೋಜನವುಂಟು.

ಇನ್ನು ನಮ್ಮ ಭಾಷೆಗಳ ಕಡೆಗೆ ತಿರುಗೋಣ. ಸಂಸ್ಕೃತದ ‘ಶರಣ’ ಶಬ್ದಕ್ಕೆ ಅಮರಕೋಶವು ಎರಡು ಅರ್ಥಗಳನ್ನು ಹೇಳುತ್ತದೆ: ಮನೆ ಮತ್ತು ರಕ್ಷಕ. ಆಂಗ್ಲ ಶಬ್ದವು ಶತಮಾನಗಳ ಪ್ರವಾಸದಿಂದ ಸಹಾಯದಿಂದ ಸ್ಥಳಕ್ಕೆ ಬಂದು ಮುಟ್ಟಿದರೆ, ಸಂಸ್ಕೃತ ಶಬ್ದವು ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದೆ. ಇದರ ಅಭಿಪ್ರಾಯವು ಗಂಭೀರವಾದದ್ದು. ಕಾಯುವವನು ಮನೆಯಂತಿರಬೇಕು, ಬಾಗಿಲಿರಬೇಕು, ಒಳಗೆ ಸ್ಥಳವಿರಬೇಕು, ಬಂದವನು ತಿರುಗಿ ಹೋಗಲಿಕ್ಕೂ ಅದೇ ಬಾಗಿಲು ತೆರೆದಿರಬೇಕು. ‘ಆಶ್ರಯ’ ಶಬ್ದದ ಮೂಲವಾದ ‘ಶ್ರಿ’ ಧಾತುವಿಗೆ ಸೇವೆಯೆಂಬ ಅರ್ಥವನ್ನು ಧಾತುಪಾಠದಲ್ಲಿ ಹೇಳಿದೆ. ಆತುಕೊಳ್ಳುವದೂ ಸೇವಿಸುವದೂ ಒಂದೇ ಧಾತುವಿನ ಎರಡು ಮುಖಗಳೆಂದಾಯಿತು.

ಕನ್ನಡದಲ್ಲಿ ‘ಮೊರೆ’ಯೆಂದರೆ ಗೋಳಿಟ್ಟು ಕರೆಯುವ ಧ್ವನಿ; ‘ಮರೆ’ಯೆಂದರೆ ಮುಚ್ಚಿ ಕಾಯುವ ಅಡ್ಡಿ. ಮೊರೆಹೋಗುವದು, ಮರೆಹೋಗುವದು ಎಂದು ಎರಡು ಬಗೆಯಾಗಿಯೂ ಹೇಳುವದುಂಟು. ಕೂಗಿದವನ ಧ್ವನಿಯೊಂದು, ಅವನಿಗೆ ಸಿಕ್ಕ ನೆರಳೊಂದು. ಅವೆರಡರ ನಡುವೆ ಒಂದು ಸ್ವರದ ಅಂತರ ಮಾತ್ರ. ಇದಲ್ಲದೆ ಇನ್ನೊಂದು ವಿಶೇಷವುಂಟು. ಶರಣುಹೋಗು, ಮೊರೆಹೋಗು, ಮರೆಹೊಗು, ಈ ಎಲ್ಲ ಮಾತುಗಳಲ್ಲಿಯೂ ಹೋಗುವ ಅಥವಾ ಹೊಗುವ ಕ್ರಿಯೆ ಇದೆ. ಆಂಗ್ಲ ಶಬ್ದದಲ್ಲಿಯೂ ಹೊರಬೀಳುವ ಕ್ರಿಯೆ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳು ಈ ಒಂದು ಮಾತಿನಲ್ಲಿ ಕೂಡಿಬಂದಿರುವವು: ಸಹಾಯ ಬೇಕಾದವನು ಮೊದಲು ತನ್ನ ಹೊಸ್ತಿಲನ್ನು ದಾಟಿ ಹೊರಗೆ ಬರಬೇಕು.

ಬಸವಣ್ಣನವರ ಜನ್ಮಸ್ಥಳವೆಂದು ಪೂಜಿತವಾದ ಬಸವನ ಬಾಗೇವಾಡಿಯು ಈ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಆ ಮಹನೀಯರ ಕಾಲದಲ್ಲಿ ‘ಶರಣ’ ಶಬ್ದಕ್ಕೆ ಒಂದು ಅಪೂರ್ವವಾದ ಪ್ರತಿಷ್ಠೆ ದೊರೆಯಿತು. ಸಂಸ್ಕೃತದಲ್ಲಿ ಕಾಯುವವನಿಗಿದ್ದ ಹೆಸರು ಕನ್ನಡದಲ್ಲಿ ಕಾಯಿಸಿಕೊಳ್ಳಬಂದವನಿಗೆ ಬಂದಿತು. ಮೊರೆಹೊಕ್ಕವನೇ ಶರಣನು, ಅವನೇ ಪೂಜ್ಯನು. ಇಂದಿಗೂ ವಿಜಯಪುರದ ಬೀದಿಗಳಲ್ಲಿ ಇಬ್ಬರು ಭೇಟಿಯಾದರೆ ‘ಶರಣ್ರಿ’ ಎನ್ನುವರು. ಎದುರಿನವನೂ ‘ಶರಣ್ರಿ’ ಎನ್ನುವನು. ಒಬ್ಬನು ಇನ್ನೊಬ್ಬನಿಗೆ ಶರಣಾದ ಕ್ಷಣದಲ್ಲಿಯೇ ಆ ಇನ್ನೊಬ್ಬನೂ ಇವನಿಗೆ ಶರಣಾಗುವನು. ಇಲ್ಲಿ ಮೇಲಿನವನು ಯಾರು, ಕೆಳಗಿನವನು ಯಾರು?

ಆದಿಲಶಾಹಿಗಳು 1490ರಿಂದ 1686ರ ವರೆಗೆ ಈ ನಗರದಲ್ಲಿ ಆಳಿದರು. ಅಂಥ ಆಡಳಿತಗಳ ಮೂಲಕ ಪಾರಸಿ, ಅರಬಿ ಮಾತುಗಳು ಕನ್ನಡಿಗರ ಕಚೇರಿಗಳಲ್ಲಿ ನೆಲೆಸಿದವು. ‘ಫಿರ್ಯಾದಿ’ ಎಂಬದನ್ನು ಇಂದು ದಾವೆಯ ಒಣ ಶಬ್ದವೆಂದು ತಿಳಿಯುವರು. ಆದರೆ ಅದರ ಮೂಲವಾದ ‘ಫರ್ಯಾದ್’ ಎಂದರೆ ಸಹಾಯಕ್ಕಾಗಿ ಇಟ್ಟ ಕೂಗು, ಅಂದರೆ ನಮ್ಮ ಮೊರೆಯೇ. ‘ಅರ್ಜಿ’ಯೆಂದರೆ ಮುಂದಿಟ್ಟದ್ದು. ‘ವಕೀಲ’ನೆಂದರೆ ತನ್ನ ಕಾರ್ಯವನ್ನು ಯಾರಿಗೆ ಒಪ್ಪಿಸಿಕೊಡುವರೋ ಅವನು. ಕಾಗದದ ಮೇಲೆ ಮೊಹರು ಬಿದ್ದ ಕೂಡಲೆ ಕೂಗು ಕೇಳಿಸದಂತಾಗುವದು. ಆದರೂ ಪ್ರತಿಯೊಂದು ಫಿರ್ಯಾದಿಯ ಒಳಗೆ ಒಬ್ಬ ಮನುಷ್ಯನ ಕೂಗು ಇದ್ದೇ ಇರುತ್ತದೆ.

ಶಬ್ದವಿಚಾರವು ಇಲ್ಲಿಗೆ ಸಾಕು. ಇದರಿಂದ ಏಳುವ ಧರ್ಮಪ್ರಶ್ನೆ ಯಾವದು? ಸಹಾಯವನ್ನು ಕೇಳುವದು ಹೀನವೋ ಅಲ್ಲವೋ ಎಂಬದೇ ಆ ಪ್ರಶ್ನೆ.

ಹೀನವೆನ್ನುವವರ ಪಕ್ಷವು ದುರ್ಬಲವಾದದ್ದೇನೂ ಅಲ್ಲ. ಯಾಚಕನು ಹುಲ್ಲಿಗಿಂತ ಹಗುರು ಎಂಬ ಭಾವವು ಸುಭಾಷಿತಗಳಲ್ಲಿ ಬಂದಿದೆ. ಸ್ವಾವಲಂಬನವು ಗುಣವೆಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವರು. ಕೇಳುವ ಅಭ್ಯಾಸವಾದವನು ದುಡಿಯುವ ಅಭ್ಯಾಸವನ್ನು ಬಿಡುವನೆಂಬದೂ ಕೆಲವರ ವಿಷಯದಲ್ಲಿ ಸುಳ್ಳಲ್ಲ. ಆದರೆ ಈ ಪಕ್ಷದವರು ಯಾಚನೆಯನ್ನೂ ಶರಣಾಗತಿಯನ್ನೂ ಒಂದೇ ಎಂದು ತಿಳಿದಿರುವರು. ಯಾಚಕನು ವಸ್ತುವನ್ನು ಬೇಡುವನು. ವಸ್ತು ಸಿಕ್ಕ ಮೇಲೆ ಕೊಟ್ಟವನ ಮುಖವನ್ನು ಮರೆತರೂ ನಡೆಯುವದು. ಶರಣು ಬಂದವನಾದರೋ ತನ್ನನ್ನೇ ಇನ್ನೊಬ್ಬನ ಕೈಯಲ್ಲಿಡುವನು. ಪಾಂಚರಾತ್ರ ಆಗಮಗಳಲ್ಲಿ ಶರಣಾಗತಿಗೆ ಆರು ಅಂಗಗಳನ್ನು ಹೇಳಿದೆ: ಅನುಕೂಲವಾದದ್ದನ್ನು ಮಾಡುವ ಸಂಕಲ್ಪ, ಪ್ರತಿಕೂಲವನ್ನು ಬಿಡುವದು, ಕಾಯುವನೆಂಬ ವಿಶ್ವಾಸ, ಕಾಯೆಂದು ವರಿಸುವದು, ತನ್ನನ್ನು ಒಪ್ಪಿಸಿಕೊಡುವದು, ತನ್ನ ಅಸಾಮರ್ಥ್ಯವನ್ನು ಒಪ್ಪಿಕೊಳ್ಳುವದು. ಇವುಗಳಲ್ಲಿ ಸೋಮಾರಿತನಕ್ಕೆ ಸ್ಥಳವೆಲ್ಲಿದೆ? ಈ ಮಾತುಗಳು ಈಶ್ವರನನ್ನು ಕುರಿತು ಹೊರಟಿರುವವು, ನಿಜ. ಆದರೆ ಮನುಷ್ಯನು ಮನುಷ್ಯನ ಬಾಗಿಲಿಗೆ ಹೋಗುವಾಗಲೂ ತನ್ನ ಅಸಾಮರ್ಥ್ಯವನ್ನು ಒಪ್ಪುವ ಧೈರ್ಯ ಮತ್ತು ಎದುರಿನವನಲ್ಲಿ ವಿಶ್ವಾಸ, ಇವೆರಡು ಬೇಕೇ ಬೇಕು. ಇವು ಹೇಡಿಗೆ ದೊರೆಯುವ ಗುಣಗಳಲ್ಲ.

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ನಗರಕ್ಕೆ ಸಮೀಪದಲ್ಲಿಯೇ ತೊರವೆ ಗ್ರಾಮವು ಸಿಗುವದು. ತಿಕೋಟಾವು ಅದಕ್ಕಿಂತ ಮುಂದೆ ಇದೆ. ತೊರವೆಯ ನರಸಿಂಹನ ಭಕ್ತನಾದ ಕುಮಾರವಾಲ್ಮೀಕಿಯು ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ರಚಿಸಿದನು. ಆ ಕಥೆಯಲ್ಲಿ ವಿಭೀಷಣನು ಶರಣು ಬರುವ ಪ್ರಸಂಗವು ಈ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ತೋರಿಸುವದು. ಕೇಳುವವನ ಧರ್ಮವಂತಿರಲಿ; ಕೇಳಿಸಿಕೊಳ್ಳುವವನ ಧರ್ಮವೇನು?

ಆದಿಕವಿಯ ಯುದ್ಧಕಾಂಡದಲ್ಲಿ ಆ ಸಭೆಯ ವಾದವು ಸವಿಸ್ತರವಾಗಿದೆ. ಶತ್ರುವಿನ ತಮ್ಮನು ಬಂದಿರುವನು. ಗೂಢಚಾರನಿರಬೇಕು, ಕೊಲ್ಲಬೇಕು ಎಂದು ಸುಗ್ರೀವನು ಹೇಳಿದನು. ಪರೀಕ್ಷಿಸಬೇಕೆಂದು ಅಂಗದನು ಹೇಳಿದನು. ಹನುಮಂತನ ಮಾತು ಬೇರೆಯಾಗಿತ್ತು. ಬಂದವನನ್ನು ಹಠಾತ್ತಾಗಿ ಪ್ರಶ್ನಿಸಿದರೆ, ಅವನು ಒಳ್ಳೆಯವನಾಗಿದ್ದರೂ ಮನಸ್ಸಿನಲ್ಲಿ ಶಂಕೆ ಹುಟ್ಟಿ ಮೈತ್ರಿಯು ಕೆಡುವದೆಂದು ಅವನು ಸೂಚಿಸಿದನು. ಶ್ರೀರಾಮನಾದರೋ ಪಾರಿವಾಳದ ಕಥೆಯನ್ನು ನೆನೆದನು. ತನ್ನ ಸತಿಯನ್ನು ಹಿಡಿದ ಬೇಡನೇ ಮರದಡಿಗೆ ಬಂದಾಗ ಅದು ಅವನನ್ನು ಸತ್ಕರಿಸಿ ತನ್ನ ಮಾಂಸವನ್ನೇ ಉಣಿಸಿತು. ಬಂದವನು ರಾವಣನೇ ಆಗಿದ್ದರೂ ಅಭಯವನ್ನು ಕೊಡುವೆನೆಂದು ಹೇಳಿ ರಾಮನು ವಾದವನ್ನು ಮುಗಿಸಿದನು.

ಇದು ಪುರಾಣದ ಮಾತು, ರಾಜ್ಯಭಾರಕ್ಕೆ ಒಗ್ಗದೆಂದು ಕೆಲವರು ಹೇಳಬಹುದು. ಹಾಗಾದರೆ ರಾಜ್ಯಭಾರದ ಒಂದು ದೃಷ್ಟಾಂತವನ್ನೇ ನೋಡಬಹುದು. 1876ರಿಂದ 1878ರ ವರೆಗೆ ದಖ್ಖನದಲ್ಲಿ ಘೋರವಾದ ಬರವು ಬಿದ್ದಿತು. ವಿಜಯಪುರವು ಆಗ ಕಲಾದಗಿ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯು ಬರದಿಂದ ಬಹಳವಾಗಿ ಪೀಡಿತವಾಯಿತು. ಸರಕಾರವು ಪರಿಹಾರದ ಕಾಮಗಾರಿಗಳನ್ನು ತೆರೆಯಿತು. ಆದರೆ ಬರುವವನು ನಿಜವಾಗಿಯೂ ಹಸಿದವನೋ ಸುಳ್ಳು ಹೇಳುವವನೋ ಎಂಬ ಸಂಶಯವು ಅಧಿಕಾರಿಗಳನ್ನು ಬಿಡಲಿಲ್ಲ. ಆದಕಾರಣ ಕಾಮಗಾರಿಯನ್ನು ಊರಿನಿಂದ ದೂರವಿರಿಸಿದರೆ, ಕೂಲಿಯನ್ನು ಕಡಿಮೆ ಮಾಡಿದರೆ, ನಿಜವಾದ ಗರಜಿನವನೇ ಬರುವನೆಂಬ ತರ್ಕವು ಹುಟ್ಟಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪಸ್ವಲ್ಪ ಕಾಸು ಸಾಕೆಂದು ಗೊತ್ತುಮಾಡಿದರು. ಮೈಮುರಿದು ಕಲ್ಲು ಒಡೆಯುವವನಿಗೆ ಅದು ಸಾಲದೆಂದು ಆಗಿನ ವೈದ್ಯಾಧಿಕಾರಿಗಳೇ ಆಕ್ಷೇಪಿಸಿದರು. ಈ ಪರೀಕ್ಷೆಯಲ್ಲಿ ಉತ್ತೀರ್ಣನಾಗಲು ಹಸಿದವನಿಗೆ ಹೊಟ್ಟೆತುಂಬಿದವನ ಕಾಲುಗಳು ಬೇಕಾಗಿದ್ದವು. ಸುಗ್ರೀವನ ನೀತಿಯಿಂದ ಸುಳ್ಳುಗಾರನೊಬ್ಬನು ಹೊರಗುಳಿಯಬಹುದು. ಅವನ ಜೊತೆಗೆ ನಡೆಯಲಾರದವರೆಲ್ಲರೂ ಹೊರಗುಳಿಯುವರು. ಇಲ್ಲಿ ತೂಗಿನೋಡಬೇಕಾದದ್ದು ಇಷ್ಟೇ: ಅನರ್ಹನಿಗೆ ಒಂದು ತುತ್ತು ಸಂದರೆ ಆಗುವ ನಷ್ಟವೆಷ್ಟು? ಅರ್ಹನಿಗೆ ಒಂದು ತುತ್ತು ತಪ್ಪಿದರೆ ಆಗುವ ನಷ್ಟವೆಷ್ಟು? ಮೊದಲನೆಯದನ್ನು ಮುಂದಿನ ಸುಗ್ಗಿಯಲ್ಲಿ ತುಂಬಿಕೊಳ್ಳಬಹುದು. ಎರಡನೆಯದನ್ನು ಯಾವ ಸುಗ್ಗಿಯೂ ತುಂಬಿಕೊಡದು.

ಕಾಯುವವನ ಧರ್ಮದಲ್ಲಿ ಇನ್ನೊಂದು ಅಪಾಯವುಂಟು. ಕನ್ನಡ ಶಾಸನಗಳಲ್ಲಿ ಅರಸರಿಗೂ ವೀರರಿಗೂ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಬರುವದು. ಶರಣು ಬಂದವರಿಗೆ ಇವನು ವಜ್ರದ ಪಂಜರವೆಂದು ಅರ್ಥ. ಬಿರುದು ಘನವಾದದ್ದೇ, ಹೊರಗಿನ ಶತ್ರುವು ಆ ಪಂಜರವನ್ನು ಮುರಿಯಲಾರನು. ಆದರೆ ಪಂಜರಕ್ಕೂ ಮನೆಗೂ ಒಂದು ಭೇದವುಂಟು: ಪಂಜರದ ಬಾಗಿಲಿನ ಅಗುಳಿಯು ಹೊರಗಡೆ ಇರುವದು. ಸಾವಕಾರನ ಮನೆಗೆ ಬೀಜಕ್ಕಾಗಿ ಹೋದ ರೈತನು ಮೂರು ತಲೆಮಾರುಗಳ ವರೆಗೆ ಅಲ್ಲಿಂದ ಹೊರಬೀಳದಿದ್ದ ಕಥೆಗಳು ಈ ಸೀಮೆಯಲ್ಲಿ ಹೊಸವಲ್ಲ. ಕೊಟ್ಟವನು ತಾನು ಕಾಯ್ದೆನೆಂದೇ ತಿಳಿದಿರುವನು. ಪಡೆದವನು ಮಾತ್ರ ಎದ್ದು ನಿಲ್ಲಲಾರನು. ಇಲ್ಲಿಯೇ ಫ್ರೆಂಚರ ಸ್ಪ್ರಿಂಗಿನ ಅರ್ಥವು ನೆನಪಿಗೆ ಬರಬೇಕು. ಒತ್ತಡವು ಹೋದ ಮೇಲೆ ಮನುಷ್ಯನು ತನ್ನ ಮೊದಲಿನ ಎತ್ತರಕ್ಕೆ ಮರಳುವಂತೆ ಮಾಡಿದರೆ ಅದು ಸಹಾಯ. ಕೊಟ್ಟವನ ಅಂಗಳದಲ್ಲಿ ಬಗ್ಗಿಯೇ ಇರುವಂತೆ ಮಾಡಿದರೆ ಅದಕ್ಕೆ ಬೇರೆ ಹೆಸರುಂಟು.

ಈ ಅಪಾಯವನ್ನು ತಪ್ಪಿಸುವ ಒಂದು ಉಪಾಯವನ್ನು ಕನ್ನಡನಾಡು ಬಹಳ ಮೊದಲೇ ಕಂಡುಕೊಂಡಿತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಸಹಕಾರಿ ಸಂಘವು ಸ್ಥಾಪಿತವಾಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಆರಂಭಿಸಿದರು. ಸಹಕಾರದ ತತ್ತ್ವವಾದರೂ ಏನು? ಇಂದು ಕೇಳುವವನು ನಾಳೆ ಕೊಡುವನು. ಇಂದು ಕೊಟ್ಟವನು ನಾಡದು ಕೇಳುವನು. ಬೀದಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ‘ಶರಣ್ರಿ’ ಎನ್ನುವದಕ್ಕೂ ಇದಕ್ಕೂ ಭೇದವಿಲ್ಲ.

ಹಳಕಟ್ಟಿಯವರ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಇದೆ. ಕಷ್ಟದಲ್ಲಿದ್ದವರು ವಕೀಲನ ಬಾಗಿಲಿಗೆ ಬರುವರು; ಆದರೆ ಆ ವಕೀಲರು ತಾವೇ ಊರೂರು ತಿರುಗಿ ಮಠಗಳ ಮತ್ತು ಮನೆಗಳ ಬಾಗಿಲಿಗೆ ಹೋಗಿ ತಾಡವೋಲೆಗಳನ್ನು ಕೇಳಿದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಬಿಚ್ಚಿ ಓದಗೊಡಿರೆಂದು ವಿನಂತಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಪ್ರಕಟವಾಯಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಮುದ್ರಣಾಲಯಕ್ಕಾಗಿ ತಮ್ಮ ಸ್ವಂತ ಮನೆಯನ್ನೇ ಮಾರಿದರೆಂದು ಪ್ರಸಿದ್ಧವಾಗಿದೆ. ಅವರು ಕೇಳಲು ನಾಚಿದ್ದರೆ ವಚನವಾಙ್ಮಯದ ಎಷ್ಟು ಭಾಗವು ಹುಳುಗಳ ಪಾಲಾಗುತ್ತಿತ್ತೋ ಯಾರು ಬಲ್ಲರು? ತನಗಾಗಿ ಕೇಳುವಾಗ ಬಗ್ಗುವ ತಲೆಯು ಲೋಕಕ್ಕಾಗಿ ಕೇಳುವಾಗ ಬಗ್ಗಬೇಕಾಗಿಲ್ಲ.

ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದು, 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು ತೊಡುತ್ತಿದ್ದ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ಅವರು ಸ್ವೀಕರಿಸಲಿಲ್ಲ. ಕಿಸೆಯಿಲ್ಲದವನು ನಾಳಿನ ಊಟಕ್ಕೆ ಇನ್ನೊಬ್ಬರ ಮನೆಯನ್ನೇ ನಂಬಿರಬೇಕು. ಅದನ್ನು ಯಾರೂ ಹೀನವೆಂದು ಕರೆಯಲಿಲ್ಲ. ಬೇಕಾದದ್ದನ್ನು ಮಾತ್ರ ಸ್ವೀಕರಿಸಿ, ಬೇಡವಾದದ್ದನ್ನು ವಿನಯದಿಂದ ತಿರುಗಿ ಕಳಿಸುವವನ ಅವಲಂಬನವು ಅವನನ್ನು ಸಣ್ಣವನನ್ನಾಗಿ ಮಾಡುವದಿಲ್ಲ.

ಕಡೆಯದಾಗಿ ‘ಕೊನೆಯ ರೆಸಾರ್ಟು’ ಎಂಬ ಮಾತನ್ನು ವಿಚಾರಿಸಬೇಕು. ನ್ಯಾಯಾಲಯದಿಂದ ಹೊರಟ ಈ ಮಾತು ಸಂಸಾರದ ಒಳಗೂ ಬಂದಿದೆ. ಮಾನವಂತನಾದ ಗೃಹಸ್ಥನು ಇನ್ನೊಬ್ಬರ ಸಹಾಯವನ್ನು ಎಲ್ಲ ಉಪಾಯಗಳ ಕೊನೆಯಲ್ಲಿ ಇಟ್ಟಿರುವನು. ತಿಕೋಟಾ, ಬಬಲೇಶ್ವರಗಳ ಸುತ್ತಲಿನ ದ್ರಾಕ್ಷಿ ತೋಟಗಳನ್ನು ಬಲ್ಲವರಿಗೆ ಇದು ತಿಳಿಯದ ವಿಷಯವಲ್ಲ. ಮೊದಲು ಬೋರಿನ ನೀರು ಇಳಿಯುವದು. ಇನ್ನೊಂದು ಬೋರಿಗಾಗಿ ಸಾಲವಾಗುವದು. ಒಣದ್ರಾಕ್ಷಿಯ ಬೆಲೆ ಬೀಳುವದು. ಆ ಗೃಹಸ್ಥನು ಹೆಂಡತಿಯ ಮುಂದೆ ಹೇಳನು, ಅಣ್ಣತಮ್ಮಂದಿರ ಮುಂದೆ ಹೇಳನು. ಕಟ್ಟೆಯ ಮೇಲೆ ಕುಳಿತಾಗ ಮಳೆಯ ಮಾತನ್ನಷ್ಟೇ ಆಡುವನು. ಹೊಲ ಮಾರಿದರೂ ತೀರದಷ್ಟು ಸಾಲವಾದ ಮೇಲೆ ಬಾಯಿ ತೆರೆಯುವನು. ಕೆಲವರು ತೆರೆಯುವದೇ ಇಲ್ಲ. ಆಮೇಲೆ ಊರವರೆಲ್ಲರೂ ಕೂಡಿ, ಒಂದು ಮಾತು ಹೇಳಿದ್ದರೆ ನಾವಿರಲಿಲ್ಲವೇ ಎಂದು ಮರುಗುವರು. ಅವರ ಮರುಕವು ಸುಳ್ಳಲ್ಲ. ಆದರೆ ಅವನು ಕಟ್ಟೆಯ ಮೇಲೆ ಕುಳಿತಿದ್ದಾಗ ಅವನ ಮುಖವನ್ನು ನೋಡಿ ಒಂದು ಮಾತನ್ನು ಕೇಳುವದು ಅವರಿಗೂ ಆಗಲಿಲ್ಲ.

ಆದುದರಿಂದ ಇಲ್ಲಿ ಇಬ್ಬರ ಮೇಲೂ ಋಣವಿದೆ. ಕಷ್ಟದಲ್ಲಿದ್ದವನು ಮೊರೆಯನ್ನು ಕೊನೆಯ ಉಪಾಯವನ್ನಾಗಿ ಇಟ್ಟುಕೊಳ್ಳದೆ, ಇನ್ನೂ ಎದ್ದು ನಿಲ್ಲುವ ಶಕ್ತಿ ಇರುವಾಗಲೇ ಹೊಸ್ತಿಲು ದಾಟಬೇಕು. ಸ್ಪ್ರಿಂಗು ಮುರಿದ ಮೇಲೆ ಭಾರವನ್ನು ತೆಗೆದರೆ ಪ್ರಯೋಜನವಿಲ್ಲ. ನೆಮ್ಮದಿಯಲ್ಲಿದ್ದವನು ತನ್ನ ಬಾಗಿಲಿಗೆ ಬರುವ ದಾರಿಯನ್ನು ಪರೀಕ್ಷೆಗಳಿಂದಲೂ ಬಿರುನುಡಿಗಳಿಂದಲೂ ಉದ್ದ ಮಾಡಬಾರದು; ಸಾಧ್ಯವಾದರೆ ಅರ್ಧ ದಾರಿಯನ್ನು ತಾನೇ ನಡೆದು ಬರಬೇಕು.

ಆಂಗ್ಲ ಶಬ್ದವು ಈಜುಗೊಳದ ದಂಡೆಯ ಮೇಲೆ ವಿಶ್ರಮಿಸಿಕೊಳ್ಳಲಿ. ಅದರ ಮೇಲೆ ಯಾರಿಗೂ ದ್ವೇಷವಿಲ್ಲ. ಕನ್ನಡಿಗರ ಪಾಲಿಗೆ ‘ಶರಣು’ ಎಂಬ ಮಾತು ಇನ್ನೂ ದುಡಿಯುತ್ತಲಿದೆ. ಪ್ರತಿದಿನ ಬೆಳಿಗ್ಗೆ ಬೀದಿಯಲ್ಲಿ ಅದನ್ನು ನುಡಿಯುವಾಗ ಅದರ ಅರ್ಥವನ್ನು ಒಂದು ಕ್ಷಣ ನೆನೆದು, ಎದುರಿಗಿರುವವನ ಮುಖವನ್ನು ಸರಿಯಾಗಿ ನೋಡಿದರೆ, ಎಷ್ಟೋ ಮೊರೆಗಳು ಕೂಗಾಗುವ ಮೊದಲೇ ಕೇಳಿಸುವವು.